ಮೂರು ಮೆಟ್ಟಿಲಿನ ಕಾರು

ಮಕ್ಕಳಿಗೆ ಕಾರು ಕಲಿಸುವುದು ಕಷ್ಟವಲ್ಲ. ಅವರ ಅಪ್ಪಂದಿರನ್ನು ಕಾರಿನಿಂದ ಇಳಿಸುವುದು ಕಷ್ಟ. ಪೀಣ್ಯದಲ್ಲಿ ನಾಲ್ಕು ವರ್ಷ, ಪ್ರತಿ ಭಾನುವಾರ, ಇದೇ ನಡೆಯಿತು. ಒಬ್ಬರಾದ ಮೇಲೆ ಒಬ್ಬರು ನಗೆಪಾಟಲಾದರು. ಕೊನೆಯ ಸರದಿ ನನ್ನದಾಗಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಅಲ್ಲಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ನಾನು ಟ್ರಾನ್ಸ್‌ಪೋರ್ಟ್ ಸೂಪರ್‌ವೈಸರ್. ಮೊದಲು ಹನ್ನೆರಡು ವರ್ಷ ಕಾರ್ಖಾನೆಯ ಬಸ್ಸು ಓಡಿಸಿದ್ದೆ. ನನ್ನ ಕುರ್ಚಿಯ ಹಿಂದೆ ಒಂದು ಕರಿಹಲಗೆ. ಅದರಲ್ಲಿ ಪ್ರತಿಯೊಬ್ಬ ಡ್ರೈವರ್ ಹೆಸರು, ಎದುರಿಗೆ ಅವನ ಲೈಸೆನ್ಸ್ ಮುಗಿಯುವ ತಾರೀಖು. ಹತ್ತಿರ ಬಂದ ತಾರೀಖಿಗೆ ಕೆಂಪು ಸೀಮೆಸುಣ್ಣದ ಸುತ್ತು. ಮುಗಿದವನಿಗೆ ಕೀ ಇಲ್ಲ. ಮಾತೂ ಇಲ್ಲ. ಮಾತು ನನಗೆ ಮೊದಲಿಂದಲೂ ಕಡಿಮೆ.

ಒಂದು ದಿನ ನಮ್ಮ ಫಿಟ್ಟರ್ ಒಬ್ಬರ ಮಗ ಅಪ್ಪನ ಸ್ಕೂಟರಿನಲ್ಲಿ ತುಮಕೂರು ರಸ್ತೆಗೆ ಹೋಗಿ ಲಾರಿಗೆ ಸಿಕ್ಕಿದ. ಹುಡುಗ ಉಳಿದ. ಕಾಲು ಉಳಿಯಲಿಲ್ಲ. ಕ್ಯಾಂಟೀನಿನಲ್ಲಿ ಫಿಟ್ಟರ್ ಹೇಳಿದರು: “ಬೆಳಗ್ಗೆ ಕಲಿಸ್ದೆ ಸಾರ್. ಸಾಯಂಕಾಲ ಕೀ ಕೊಟ್ಬಿಟ್ಟೆ.”

ಅಲ್ಲಿದ್ದ ಎಲ್ಲರ ಮನೆಯಲ್ಲೂ ಹದಿನೆಂಟರ ಹತ್ತಿರದ ಮಕ್ಕಳಿದ್ದರು. ನನಗೂ ಒಬ್ಬಳು ಮಗಳು. ನಾನು ಹೇಳಿದೆ: “ಮಕ್ಕಳನ್ನು ಭಾನುವಾರ ನನ್ನ ಹತ್ತಿರ ಕಳಿಸಿ. ಎರಡು ಕಾಲಲ್ಲಿ ಬಂದವರನ್ನು ಎರಡು ಕಾಲಲ್ಲೇ ವಾಪಸ್ ಕಳಿಸುತ್ತೇನೆ.”

ಮಾತು ಕೊಟ್ಟದ್ದಾಯಿತು. ಬಾಗಲಗುಂಟೆಯ ನನ್ನ ಮನೆ ಮುಂದೆ ಒಂದು ಹಳೆಯ ಕಾರಿತ್ತು. ಮೂರು ಮೆಟ್ಟಿಲು ಮಾಡಿದೆ.

ಒಂದನೇ ಮೆಟ್ಟಿಲು: ಒಂದು ತಿಂಗಳು ಸ್ಟೇರಿಂಗ್ ಮುಟ್ಟುವಂತಿಲ್ಲ. ಕಾರು ತೊಳೆಯಬೇಕು, ಸ್ಟೆಪ್ನಿ ಬದಲಾಯಿಸಬೇಕು, ನನ್ನ ಪಕ್ಕದಲ್ಲಿ ಕೂತು ರಸ್ತೆಯಲ್ಲಿ ಕಂಡದ್ದನ್ನೆಲ್ಲ ಬಾಯಿ ಬಿಟ್ಟು ಹೇಳಬೇಕು. ಎರಡನೆಯದು: ಎಲ್ ಬೋರ್ಡ್ ಹಾಕಿಕೊಂಡು ಮೊದಲು ಮೈದಾನ, ಆಮೇಲೆ ಭಾನುವಾರದ ಖಾಲಿ ರಸ್ತೆ, ಹಗಲು ಮಾತ್ರ. ಮೂರನೆಯದು: ಲೈಸೆನ್ಸ್ ಬಂದ ಮೇಲೂ ಮೂರು ತಿಂಗಳು ಲೈಸೆನ್ಸ್ ಇರುವ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ಗೆಳೆಯರನ್ನು ಹತ್ತಿಸುವಂತಿಲ್ಲ. ಯಾವ ನಿಯಮ ಮುರಿದರೂ ಮತ್ತೆ ಒಂದನೇ ಮೆಟ್ಟಿಲಿಗೆ.

ಮಗಳ ಅಕ್ಷರ ದುಂಡಗೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಇದನ್ನೆಲ್ಲ ಅವಳೇ ಬರೆದಳು. ಒಬ್ಬೊಬ್ಬರಿಗೆ ಒಂದು ಪುಟ. ಕೆಳಗೆ ‘ಪೋಷಕರ ಸಹಿ’ ಎಂದು ಗೆರೆ ಎಳೆದಳು. ಸೇರುವಾಗ ಒಂದು ಸಹಿ, ಆಮೇಲೆ ಪ್ರತಿ ಮೆಟ್ಟಿಲು ಮುಗಿದಾಗ ಒಂದೊಂದು. ಆ ಗೆರೆ ಮುಂದೆ ನನಗೇ ಮುಳುವಾಯಿತು.

೧. ಸ್ಟಾಕ್ ಇಲ್ಲ

ಮೊದಲು ಬಂದದ್ದು ಸ್ಟೋರ್‌ಕೀಪರ್ ಮಗ. ಎರಡು ಭಾನುವಾರ ಕಾರು ತೊಳೆದ. ಮೂರನೇ ಭಾನುವಾರ ಅಪ್ಪನೂ ಜೊತೆಗೆ ಬಂದರು.

“ಸಾರ್, ನನ್ ಮಗ ಡ್ರೈವಿಂಗ್ ಕಲಿಯಕ್ಕೆ ಬಂದಿರೋದು. ಕ್ಲೀನರ್ ಕೆಲ್ಸಕ್ಕಲ್ಲ.”

“ಸಹಿ ಹಾಕಿದ್ದೀರಿ.”

“ಹಾಕಿದೀನಿ. ಓದಿರ್ಲಿಲ್ಲ.”

ಇವರ ಸ್ಟೋರಿನಲ್ಲಿ ಮೂರು ಸಹಿ ಇಲ್ಲದೆ ಒಂದು ಬೋಲ್ಟ್ ಹೊರಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಮಿಷಿನ್ ನಿಂತಿದೆ ಎಂದು ಮ್ಯಾನೇಜರೇ ಓಡಿ ಬಂದರೂ “ಇಂಡೆಂಟ್ ಎಲ್ಲಿ?” ಎನ್ನುತ್ತಿದ್ದವರು.

“ನಿಮ್ಮ ಸ್ಟೋರಿನಲ್ಲಿ ಅವಸರ ಎಂದರೆ ಕೊಡುತ್ತೀರಾ?” ಎಂದೆ.

ಬಂದ ದಾರಿಯಲ್ಲೇ ಹೋದರು. ಮುಂದಿನ ಭಾನುವಾರ ಮಗನ ಕೈಯಲ್ಲಿ ಒಂದು ಚೀಟಿ ಬಂತು. ಕಾರ್ಬನ್ ಇಟ್ಟು ಬರೆದ ಇಂಡೆಂಟ್, ಸ್ಟೋರಿನ ಬೇಡಿಕೆ ಪತ್ರ. ‘ಐಟಂ: ಸ್ಟೇರಿಂಗ್. ಸಂಖ್ಯೆ: ಒಂದು. ತುರ್ತು.’ ಕೆಳಗೆ ಮೂರು ಸಹಿ. ಒಂದು ಅವರದು, ಒಂದು ಅವರ ಹೆಂಡತಿಯದು, ಮೂರನೆಯದು ಅಜ್ಜಿಯ ಹೆಬ್ಬೆಟ್ಟು.

ನಾನು ಚೀಟಿಯ ಹಿಂಬದಿಗೆ ‘ಸ್ಟಾಕ್ ಇಲ್ಲ’ ಎಂದು ಬರೆದು ಕಳಿಸಿದೆ. ಆಮೇಲೆ ಅವರು ಜಗಳಕ್ಕೆ ಬರಲಿಲ್ಲ. ಅದು ಅವರದೇ ಭಾಷೆ. ಅದರ ಮೇಲೆ ಅಪೀಲ್ ಇಲ್ಲ ಎಂದು ಅವರಿಗೆ ಗೊತ್ತಿತ್ತು.

೨. ಹತ್ತು ವರ್ಷ ಗ್ಯಾರಂಟಿ

ಎರಡನೇ ಮೆಟ್ಟಿಲಿಗೆ ಎಲ್ ಬೋರ್ಡ್ ಬೇಕು. ಪೇಂಟ್ ಶಾಪಿನ ಫೋರ್‌ಮನ್ ಮಗಳು ಆಗ ಆ ಮೆಟ್ಟಿಲಿಗೆ ಬಂದಿದ್ದಳು. ಫೋರ್‌ಮನ್ ಎದೆ ತಟ್ಟಿಕೊಂಡರು. “ಬೋರ್ಡ್ ಚಿಂತೆ ನಂಗ್ ಬಿಡಿ ಸಾರ್. ಶನಿವಾರ ಗಾಡಿ ನಮ್ಮ ಶೆಡ್ಡಲ್ಲಿ ನಿಲ್ಸಿ, ಅಷ್ಟೇ.”

ಅಳತೆಗೆ ಇರಬೇಕು ಎಂದುಕೊಂಡು ನಿಲ್ಲಿಸಿದೆ.

ಸಂಜೆ ಹೋದೆ. ಕಾರಿನ ಮುಂದೆ ಬಾನೆಟ್ಟಿನ ಮೇಲೆ, ಹಿಂದೆ ಡಿಕ್ಕಿಯ ಮೇಲೆ, ಮೊಳದುದ್ದದ ಕೆಂಪು ಎಲ್. ಬಿಳಿ ಹಿನ್ನೆಲೆ. ಅಕ್ಷರಕ್ಕೆ ನೆರಳು ಬೇರೆ ಕೊಟ್ಟಿದ್ದರು.

“ಬೋರ್ಡ್ ಎಲ್ಲಿ?” ಎಂದೆ.

“ಬೋರ್ಡ್ ಯಾಕ್ಸಾರ್, ಕಿತ್ಕೊಂಡ್ ಬಿದ್ದೋಗತ್ತೆ. ಡೈರೆಕ್ಟಾಗಿ ಹೊಡ್ದಿದೀನಿ. ಎರಡು ಕೋಟ್ ಪ್ರೈಮರ್, ಮೂರು ಕೋಟ್ ಎನಾಮೆಲ್. ಹತ್ತು ವರ್ಷ ಗ್ಯಾರಂಟಿ.”

“ನಿಮ್ಮ ಮಗಳು ಹತ್ತು ವರ್ಷ ಕಲಿಯುತ್ತಾಳಾ?”

“ತಂಗಿ ಇದಾಳಲ್ಲ ಸಾರ್. ತಮ್ಮನೂ ಇದಾನೆ.”

ಅಳಿಸಬೇಕೆಂದರೆ ಇಡೀ ಕಾರಿಗೆ ಬಣ್ಣ ಹೊಡೆಸಬೇಕು. ಬಿಟ್ಟೆ. ಆಮೇಲೆ ನಾನು ಒಬ್ಬನೇ ಕಾರಿನಲ್ಲಿ ಹೋದರೂ ಲಾರಿಗಳು ದಾರಿ ಬಿಟ್ಟು ದೂರ ಸರಿಯುತ್ತಿದ್ದವು. ಗೊರಗುಂಟೆಪಾಳ್ಯದ ಸರ್ಕಲ್ಲಿನಲ್ಲಿ ಒಬ್ಬ ಟ್ರಾಫಿಕ್ ಕಾನ್‌ಸ್ಟೇಬಲ್ ಎರಡು ಕಡೆಯ ಗಾಡಿಗಳನ್ನೂ ನಿಲ್ಲಿಸಿ, ಕಿಟಕಿಗೆ ಬಗ್ಗಿ ನನಗೆ ಧೈರ್ಯ ಹೇಳಿದ:

“ಹೆದ್ರಬೇಡಿ ಯಜಮಾನ್ರೇ. ಈ ವಯಸ್ಸಲ್ಲಿ ಕಲೀತಿದೀರಲ್ಲ, ಅದೇ ದೊಡ್ದು. ನಿಧಾನಕ್ಕೆ ಕ್ಲಚ್ ಬಿಡಿ.”

೩. ಕಾರಣ

ಇನ್‌ಸ್ಪೆಕ್ಷನ್ ವಿಭಾಗದವರೊಬ್ಬರು ಮಗನನ್ನು ಕಳಿಸಿದರು. ತಾವೂ ಬಂದರು. ಜೇಬಿನ ತುಂಬ ಕಾರ್ಖಾನೆಯ ಚೀಟಿಗಳು, ದಾರ ಸಮೇತ. ಹಸಿರು ಚೀಟಿ ಎಂದರೆ ಮಾಲು ಸರಿ. ಹಳದಿ ಎಂದರೆ ರೀವರ್ಕ್, ಮತ್ತೆ ಮಾಡಬೇಕು. ಕೆಂಪು ಎಂದರೆ ರಿಜೆಕ್ಟ್, ಗುಜರಿಗೆ.

ಕಾರ್ಖಾನೆಗಳ ಹಿಂದಿನ ಖಾಲಿ ಜಾಗ ನಮ್ಮ ಮೈದಾನ. ಹುಡುಗ ಒಂದು ಸುತ್ತು ಹಾಕಿ ಬಂದ. ಅಪ್ಪ ಅವನ ಅಂಗಿ ಗುಂಡಿಗೆ ಹಳದಿ ಚೀಟಿ ಕಟ್ಟಿದರು. ಮತ್ತೊಂದು ಸುತ್ತು. ಮತ್ತೊಂದು ಹಳದಿ. ಹನ್ನೊಂದು ಗಂಟೆಗೆ ಹುಡುಗನಿಗೆ ಗುಂಡಿ ಸಾಲಲಿಲ್ಲ.

“ನಾನು ನೋಡಿಕೊಳ್ಳುತ್ತೇನೆ, ನೀವು ಹೋಗಿ,” ಎಂದೆ.

“ಅಲ್ರೀ, ರಿವರ್ಸ್ ಬರ್ತಾ ಇಲ್ಲ ಇವ್ನಿಗೆ. ಇಳಿಯೋ, ನಾನು ತೋರಿಸ್ತೀನಿ.”

“ಲೈಸೆನ್ಸ್?”

ತೋರಿಸಿದರು. ಅವಧಿ ಇತ್ತು. ಆದರೆ ಅವರು ಕಾರು ಮುಟ್ಟಿ ಹದಿನೈದು ವರ್ಷವಾಗಿತ್ತು. ಅದನ್ನು ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುವುದಿಲ್ಲ.

“ಹಿಂದೆ ಮರಳು ಗುಡ್ಡೆ ಇದೆ,” ಎಂದೆ.

“ಗೊತ್ತು ರೀ.”

“ಅಪ್ಪಾ, ಮರಳು,” ಎಂದ ಮಗ.

“ನೀನು ಸುಮ್ನಿರೋ.”

ಫೌಂಡ್ರಿಯವರು ಸುರಿದ ಕಪ್ಪು ಮರಳು. ಹಿಂದಿನ ಎರಡು ಚಕ್ರವೂ ಅಚ್ಚಿನವರೆಗೆ ಹೂತುಹೋದವು. ಕಾರಿನ ಮೂತಿ ಆಕಾಶ ನೋಡಿತು. ಒಳಗೆ ಅವರೂ ಆಕಾಶ ನೋಡುತ್ತ ಕೂತಿದ್ದರು.

ಮಗ ನಿಧಾನಕ್ಕೆ ಹತ್ತಿರ ಹೋದ. ಕಿಟಕಿಯೊಳಗೆ ಕೈ ಹಾಕಿ ಅಪ್ಪನ ಜೇಬಿನಿಂದ ಒಂದು ಕೆಂಪು ಚೀಟಿ ತೆಗೆದ. ಪೆನ್ನೂ ತೆಗೆದ. ಚೀಟಿಯ ಕೆಳಗೆ ‘ಕಾರಣ’ ಎಂದು ಒಂದು ಸಾಲು ಅಚ್ಚಾಗಿರುತ್ತದೆ. ಅದನ್ನು ತುಂಬಿ ಅಪ್ಪನ ಮೊದಲ ಗುಂಡಿಗೆ ಕಟ್ಟಿದ.

‘ಕಾರಣ: ಹೇಳಿದ್ದು ಕೇಳೋದಿಲ್ಲ.’

೪. ಹಿಂದೆ ನೇಗಿಲು

ಬಾಗಲಗುಂಟೆಯ ಹಳೆಯ ಮನೆತನದ ಒಬ್ಬ ತಾತ ಮೊಮ್ಮಗನನ್ನು ಕರೆದುಕೊಂಡು ಬಂದ. ಅರ್ಧ ಹೊಲ ಕಾರ್ಖಾನೆಗೆ ಹೋಗಿತ್ತು. ಉಳಿದರ್ಧಕ್ಕೆ ಒಂದು ಟ್ರಾಕ್ಟರ್ ಇತ್ತು.

“ಸೂಪ್ರೈಜರ್ರೇ, ಇವ್ನು ಅನ್ನೊಂದು ವರ್ಸಕ್ಕೇ ಟ್ರಾಕ್ಟ್ರು ಓಡ್ಸವ್ನೆ. ಇವ್ನಿಗೆ ನೀವು ಏನ್ ಕಲಿಸ್ತೀರಿ? ಸುಮ್ಕೆ ಒಂದ್ ಲೈಸೆನ್ಸ್ ಕೊಡಿಸ್ಬುಡಿ.”

“ಒಂದನೇ ಮೆಟ್ಟಿಲು,” ಎಂದೆ.

ಹುಡುಗ ಒಳ್ಳೆಯವನು. ತೊಳೆ ಎಂದರೆ ತೊಳೆದ. ಸ್ಟೆಪ್ನಿ ಬದಲಾಯಿಸಲು ಜಾಕ್ ಕೂಡ ಕೇಳಲಿಲ್ಲ. ರಸ್ತೆಯಲ್ಲಿ ಕಂಡದ್ದು ಹೇಳು ಎಂದರೆ ಯಾವ ಹಸು ಯಾರ ಮನೆಯದು ಎಂಬುದನ್ನೂ ಹೇಳುತ್ತಿದ್ದ. ಎರಡನೇ ಮೆಟ್ಟಿಲಿನಲ್ಲಿ ತೊಂದರೆ ಬಂತು. ಕಾರು ನೆಟ್ಟಗೆ ಹೋಗುತ್ತಿತ್ತು. ಆದರೆ ಇವನು ಹತ್ತು ಮಾರಿಗೊಮ್ಮೆ ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದ.

“ಹಿಂದೆ ಏನಿದೆ?”

“ಏನಿಲ್ಲ ಸಾರ್. ನೇಗ್ಲು ನೋಡಿ ನೋಡಿ ಅಭ್ಯಾಸ ಆಗೋಗದೆ.”

ಟ್ರಾಕ್ಟರಿನವನಿಗೆ ಮುಂದೆ ಹೊಲ, ಹಿಂದೆ ಸಾಲು. ಸಾಲು ಕೆಟ್ಟರೆ ತಾತ ಬೈಯುತ್ತಾನೆ. ಏಳು ವರ್ಷದ ಅಭ್ಯಾಸ. ಹೇಳಿದೆ, ಗದರಿಸಿದೆ, ಹೋಗಲಿಲ್ಲ. ಕೊನೆಗೆ ತಾತನನ್ನೇ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಕೈಗೆ ಒಂದು ಹೊಂಗೆ ಕಡ್ಡಿ ಕೊಟ್ಟೆ. “ಅವನು ತಿರುಗಿದಾಗೆಲ್ಲ ಒಂದು ತಟ್ಟಿ.”

ಔಷಧಿ ಕೆಲಸ ಮಾಡಿತು. ಎರಡು ಭಾನುವಾರದಲ್ಲಿ ಕತ್ತು ನಿಂತಿತು. ಮೂರನೇ ಭಾನುವಾರ ರಾಜಗೋಪಾಲನಗರದ ರಸ್ತೆಗೆ ಕರೆದುಕೊಂಡು ಹೋದೆ. ಒಂದು ಮೈಲಿ ಚೆನ್ನಾಗಿ ಹೋಯಿತು. ಇದ್ದಕ್ಕಿದ್ದಂತೆ ಕಾರನ್ನು ಪಕ್ಕಕ್ಕೆ ತೆಗೆದು, ಕೈ ತೋರಿಸಿ, ಬ್ರೇಕ್ ಹಾಕಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ. ಎಲ್ಲ ನಿಯಮದ ಪ್ರಕಾರ. ಆಮೇಲೆ ತಿರುಗಿ ನೋಡಿದ.

“ಯಾಕೆ ನಿಲ್ಲಿಸಿದೆ?”

“ಗೊರ್ಕೆ ಕೇಳ್ತು, ತಾತ ಮಲ್ಗವ್ರೆ ಸಾರ್. ತಟ್ಟೋರು ಇಲ್ದೆ ಎಂಗೆ ಓಡ್ಸಾದು?”

೫. ಹತ್ತು ಅಡಿ

ನನ್ನ ಮಗಳಿಗೆ ಹದಿನೆಂಟಾಯಿತು. ಸಾಲಿನಲ್ಲಿ ನಿಂತಳು. ಎಲ್ಲರಿಗೂ ಒಂದನೇ ಮೆಟ್ಟಿಲು ಒಂದು ತಿಂಗಳು. ಇವಳಿಗೆ ಎರಡು ಎಂದೆ.

“ನಂಗ್ ಮಾತ್ರ ಯಾಕಪ್ಪಾ ಎರಡು?”

“ನೀನು ಮನೆಯವಳು. ಸಡಿಲ ಬಿಟ್ಟೆ ಎಂದು ಜನ ಅನ್ನಬಾರದು.”

ಅವಳು ಹಟ ಮಾಡಲಿಲ್ಲ. ನೋಟ್‌ಬುಕ್ ತೆಗೆದು ನಿಯಮಗಳ ಕೆಳಗೆ ದುಂಡಗೆ ಒಂದು ಸಾಲು ಸೇರಿಸಿದಳು: ‘ಮನೆಯವರಿಗೆ ಎರಡು ತಿಂಗಳು.’

ಎರಡು ತಿಂಗಳಿಗೆ ಮೂರು ದಿನ ಉಳಿದಿತ್ತು. ನನ್ನ ಹೆಂಡತಿ ಅಂಗಳದಲ್ಲಿ ಸಂಡಿಗೆ ಇಡಬೇಕಿತ್ತು. ಕಾರು ಬಿಸಿಲಿಗೆ ಅಡ್ಡ ನಿಂತಿತ್ತು. ನಾನು ಡ್ಯೂಟಿಯಲ್ಲಿದ್ದೆ. ಮಗಳು ಕಾರನ್ನು ಹತ್ತು ಅಡಿ ಮುಂದೆ ಸರಿಸಿ ಆಫ್ ಮಾಡಿದಳು. ಸಂಜೆ ಬಂದಾಗ ನೆಲದ ಮೇಲೆ ಚಕ್ರದ ಗುರುತು ನೋಡಿದೆ.

“ಯಾರು?”

“ನಾನು,” ಎಂದಳು ಮಗಳು. ಸುಳ್ಳು ಹೇಳುವವಳಲ್ಲ.

“ಮೊದಲಿಂದ.”

ಹೆಂಡತಿ ಒಳಗಿಂದ ಸೌಟು ಹಿಡಿದೇ ಬಂದಳು. “ಅಲ್ರೀ, ಹತ್ತಡಿಗೆ ಎರಡು ತಿಂಗ್ಳಾ? ಯಶವಂತಪುರದ ತನಕ ಹೋಗಿದ್ರೆ ಏನ್ ಮಾಡ್ತಿದ್ರಿ?”

“ಮದುವೆಯವರೆಗೂ ತೊಳೆಯಬೇಕಿತ್ತು.”

ಮಗಳು ಕಣ್ಣೊರೆಸಿಕೊಂಡು ಬಕೆಟ್ ತೆಗೆದುಕೊಂಡಳು. ನಿಯಮ ಗೆದ್ದಿತು. ಆ ವರ್ಷ ಮನೆಯಲ್ಲಿ ಐದು ಸೇರು ಅಕ್ಕಿಯ ಸಂಡಿಗೆ ಆಗಿತ್ತು. ನನ್ನ ಎಲೆಗೆ ಒಂದೂ ಬೀಳಲಿಲ್ಲ.

೬. ಹಲಗೆಯಲ್ಲಿ ಇಲ್ಲದ ಹೆಸರು

ಅಂತೂ ಮಗಳು ಟೆಸ್ಟಿಗೆ ಬಂದಳು. ಅವಳೇ ಓಡಿಸಿದಳು, ನಾನು ಪಕ್ಕದಲ್ಲಿ ಕೂತೆ. ಆರ್.ಟಿ.ಓ. ಆಫೀಸಿನ ಇನ್‌ಸ್ಪೆಕ್ಟರಿಗೆ ನನ್ನ ಪರಿಚಯ ಚೆನ್ನಾಗಿತ್ತು. ಪ್ರತಿ ತಿಂಗಳು ಡ್ರೈವರುಗಳ ಲೈಸೆನ್ಸ್ ನವೀಕರಣಕ್ಕೆ ಹೋಗುತ್ತಿದ್ದೆ. ತಾರೀಖಿನ ವಿಷಯದಲ್ಲಿ ನಾನು ಎಷ್ಟು ಗಟ್ಟಿ ಎಂದು ಅವರು ತಮ್ಮ ಗುಮಾಸ್ತರಿಗೇ ಉದಾಹರಣೆ ಕೊಡುತ್ತಿದ್ದರಂತೆ.

ಮಗಳು ಎಂಟರ ಆಕಾರ ಹಾಕಿದಳು. ರಿವರ್ಸ್ ಹಾಕಿದಳು. ಕೈಸನ್ನೆ ಎಲ್ಲ ಸರಿ. “ಪಾಸು,” ಎಂದರು ಇನ್‌ಸ್ಪೆಕ್ಟರ್. “ಪುಸ್ತಕ ನಾಲ್ಕು ದಿನ ಬಿಟ್ಟು ಸಿಗುತ್ತೆ. ಜೊತೆಗೆ ಬಂದವರ ಲೈಸೆನ್ಸ್ ಕೊಡಿ, ನಂಬರ್ ಬರ್ಕೋಬೇಕು.”

ಕೊಟ್ಟೆ. ಅವರು ಪುಟ ತಿರುವಿದರು. ಮತ್ತೆ ಹಿಂದಕ್ಕೆ ತಿರುವಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

“ಸಾರ್, ಇದು ಮುಗಿದು ಏಳು ವಾರ ಆಗಿದೆಯಲ್ಲ?”

ನನಗೆ ಮೊದಲು ನೆನಪಾದದ್ದು ಹಲಗೆ. ಸೂಪರ್‌ವೈಸರ್ ಆದ ದಿನ ಕುರ್ಚಿಯಲ್ಲಿ ಕೂರುವ ಮೊದಲು ಆ ಹಲಗೆಯಿಂದ ನನ್ನ ಹೆಸರನ್ನು ನಾನೇ ಒರೆಸಿದ್ದೆ. ಡ್ರೈವರ್ ಅಲ್ಲವಲ್ಲ ಎಂದು. ಆಮೇಲೆ ಒಮ್ಮೆ ನೆನಪಿಟ್ಟುಕೊಂಡು ನವೀಕರಿಸಿದ್ದೆ. ಈ ಸಲ ಮರೆತಿದ್ದೆ. ಎಲ್ಲರ ತಾರೀಖಿಗೂ ಕೆಂಪು ಸುತ್ತು ಹಾಕಿದವನ ತಾರೀಖಿಗೆ ಸುತ್ತು ಹಾಕುವವರು ಯಾರೂ ಇರಲಿಲ್ಲ.

ಇನ್‌ಸ್ಪೆಕ್ಟರ್ ಒಳ್ಳೆಯವರು. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು ದನಿ ತಗ್ಗಿಸಿದರು. “ಮಗಳು ಪಾಸು. ಅಪ್ಪ ಫೇಲು. ಇವತ್ತೇ ಅರ್ಜಿ ಹಾಕಿ. ಕಾರು ತಗೊಂಡ್ ಹೋಗಿ, ನಾನು ಆ ಕಡೆ ನೋಡ್ತಿರ್ತೀನಿ.”

ಅವರು ನಿಜವಾಗಿಯೂ ಆ ಕಡೆ ತಿರುಗಿದರು. ಕೀ ನನ್ನ ಕೈಯಲ್ಲಿತ್ತು. ಮನೆ ನಾಲ್ಕು ಮೈಲಿ. ಹನ್ನೆರಡು ವರ್ಷ ಬಸ್ಸು ಓಡಿಸಿದ ಕೈ. ಯಾರೂ ಕೇಳುತ್ತಿರಲಿಲ್ಲ.

ಮಗಳು ನನ್ನನ್ನು ನೋಡಿದಳು. ಚೀಲದಿಂದ ಆ ನೋಟ್‌ಬುಕ್ ತೆಗೆದು ಎದೆಗೆ ಒತ್ತಿ ಹಿಡಿದುಕೊಂಡಳು. ಹತ್ತು ಅಡಿಗೆ ಎರಡು ತಿಂಗಳು ತೊಳೆದವಳು. ನಾಲ್ಕು ಮೈಲಿಗೆ ನಾನು ಏನು ಮಾಡುತ್ತೇನೆ ಎಂದು ಕಾಯುತ್ತಿದ್ದಳು.

ಅಷ್ಟರಲ್ಲಿ ಟ್ರಾಕ್ಟರಿನ ಟ್ಯಾಕ್ಸ್ ಕಟ್ಟಲು ಬಂದಿದ್ದ ತಾತ, ಮೊಮ್ಮಗ ಎದುರಿಗೇ ಸಿಕ್ಕರು. ಬಸ್ಸಿಗೆ ಹೊರಟಿದ್ದರು. ಹುಡುಗನ ಲೈಸೆನ್ಸ್ ಬಂದು ಮೂರನೇ ಮೆಟ್ಟಿಲೂ ಮುಗಿದಿತ್ತು. ನಾನು ಕೀಯನ್ನು ಅವನ ಕೈಗಿಟ್ಟೆ.

“ನೀನು ಓಡಿಸು.”

“ಯಾಕ್ ಸಾರ್? ಉಸಾರಿಲ್ವಾ?”

“ಲೈಸೆನ್ಸ್ ಇಲ್ಲ.”

ತಾತ ನಗಲಿಲ್ಲ. ಗಂಭೀರವಾಗಿ ತಲೆಯಾಡಿಸಿ, “ಬುಡಿ, ಕಲಿತ್ರೆ ಒಂದಿನ ಬತ್ತದೆ,” ಎಂದ.

ಹುಡುಗ ಸ್ಟೇರಿಂಗಿಗೆ. ತಾತ, ಮಗಳು ಹಿಂದೆ. ನಾನು ಪಕ್ಕದಲ್ಲಿ. ಗೇಟು ದಾಟುವ ಮೊದಲೇ ಹಿಂದಿನಿಂದ ಮಗಳ ದನಿ ಬಂತು.

“ಅಪ್ಪಾ, ಒಂದನೇ ಮೆಟ್ಟಿಲು. ಕಂಡದ್ದು ಹೇಳ್ಬೇಕು.”

ಕಿಟಕಿಯ ಗಾಜು ಇಳಿಸಿದೆ. ಆಮೇಲೆ ಹೇಳಿದೆ: “ಎಮ್ಮೆ.”

“ಎಷ್ಟು?”

“ಎರಡು.”

“ಯಾವ ಕಡೆ?”

“ಎಡಕ್ಕೆ.”

“ವಸಿ ಜೋರಾಗಿ ಯೋಳಿ ಸೂಪ್ರೈಜರ್ರೇ,” ಎಂದ ತಾತ. “ಇಂದಕ್ಕೆ ಕೇಳಾಕಿಲ್ಲ.”

ಗೊರಗುಂಟೆಪಾಳ್ಯದ ಸರ್ಕಲ್ಲಿನಲ್ಲಿ ಅದೇ ಕಾನ್‌ಸ್ಟೇಬಲ್. ಬಾನೆಟ್ಟಿನ ಎಲ್ ನೋಡಿದ. ಪಕ್ಕದ ಸೀಟಿನಲ್ಲಿ ನನ್ನನ್ನು ನೋಡಿದ. ಮುಖ ಸಪ್ಪಗಾಯಿತು.

“ಏನ್ ಯಜಮಾನ್ರೇ, ಟೆಸ್ಟಲ್ಲಿ ಹೋಯ್ತಾ? ಬೇಜಾರ್ ಮಾಡ್ಕೋಬೇಡಿ.”

ಮೂರು ವಾರಕ್ಕೆ ನನ್ನ ಪುಸ್ತಕ ನವೀಕರಣವಾಗಿ ಬಂತು. ಮುಗಿಯಿತು ಎಂದುಕೊಂಡೆ. ಮಗಳು ನೋಟ್‌ಬುಕ್ ತೆರೆದು ಸಾಲಿನ ಮೇಲೆ ಬೆರಳಿಟ್ಟಳು. ‘ಮನೆಯವರಿಗೆ ಎರಡು ತಿಂಗಳು.’ ನನ್ನ ಹೆಸರಿಗೂ ಒಂದು ಪುಟ ತೆರೆದಾಗಿತ್ತು. ನನ್ನ ಅಪ್ಪ ಅಮ್ಮ ಬದುಕಿರಲಿಲ್ಲವಾದ್ದರಿಂದ ಪೋಷಕರ ಜಾಗದಲ್ಲಿ ಹೆಂಡತಿ ಸಹಿ ಹಾಕಿದ್ದಳು. ಪೂರ್ತಿ ಓದಿ, ಆಮೇಲೆ ಹಾಕಿದ್ದಳು.

ಎರಡು ತಿಂಗಳು ತೊಳೆದೆ. ಭಾನುವಾರ ಸ್ಟೋರ್‌ಕೀಪರ್ ಬಂದು ಚಕ್ರದ ಒಳಭಾಗ ಒರೆಸಿಲ್ಲ ಎಂದು ತೋರಿಸಿ ಹೋದರು. ಇನ್‌ಸ್ಪೆಕ್ಷನ್‌ನವರು ಹಳದಿ ಚೀಟಿ ಕಟ್ಟಿ ಹೋದರು. ಮಗಳು ಓಡಿಸುವಾಗ ಪಕ್ಕದಲ್ಲಿ ಕೂತು ಸೈಕಲ್, ಗುಂಡಿ, ಎತ್ತಿನ ಗಾಡಿ, ಶಾಲೆ ಮಕ್ಕಳು ಎಂದು ಹೇಳುತ್ತ ಹೋದೆ. ಹೆಂಡತಿ ಹಿಂದಿನ ಸೀಟಿನಲ್ಲಿ ಕೂತು ಕೇಳುತ್ತಿದ್ದಳು. “ಆ ಹೂವಿನ ಅಂಗಡಿ ಬಿಟ್ರಿ,” ಎನ್ನುತ್ತಿದ್ದಳು. ಹೇಳುತ್ತಿದ್ದೆ. ಹೂವೂ ಕೊಳ್ಳುತ್ತಿದ್ದೆ.

ಎರಡು ತಿಂಗಳು ತುಂಬಿದ ದಿನ ಮೆಟ್ಟಿಲು ಮುಗಿದ ಸಹಿಗೆ ನೋಟ್‌ಬುಕ್ ಹಿಡಿದು ಅಡಿಗೆಮನೆಗೆ ಹೋದೆ. ಅವಳು ಪುಟ ನೋಡಿದಳು, ನನ್ನನ್ನು ನೋಡಿದಳು, ನೋಟ್‌ಬುಕ್ ವಾಪಸ್ ಕೊಟ್ಟಳು.

“ಹಾಕಲ್ಲ.”

“ಏನು ತಪ್ಪು?”

“ತಪ್ಪೇನಿಲ್ಲ. ನಿಮ್ಮನ್ನ ಕಟ್ಕೊಂಡು ಇಪ್ಪತ್ತು ವರ್ಷ ಆಯ್ತು. ನನ್ನ ಜೊತೆ ಹೊರಗೆ ಹೋದಾಗ ನೀವು ಬಾಯ್ಬಿಟ್ಟಿದ್ದು ಈ ಎರಡೇ ತಿಂಗ್ಳು. ಇದೇ ಮೆಟ್ಟಿಲಲ್ಲಿರಿ.”

“ಎಷ್ಟು ದಿನ?”

“ಅವಸರ ಏನ್ರೀ?” ಎಂದಳು. “ಎಲ್‌ಗೆ ಇನ್ನೂ ಏಳು ವರ್ಷ ಗ್ಯಾರಂಟಿ ಇದೆಯಲ್ಲ.”

ಎಲೆ ಹಾಕಿದಳು. ಎರಡು ಸಂಡಿಗೆ ಬಿತ್ತು.